ದೇವರನ್ನು ಗದರುವ ಸಲಿಗೆ

ಕ್ಯಾಥೊಲಿಕರೇ ಹೆಚ್ಚಿರುವ ಲಿಥುವೇನಿಯಾದಲ್ಲಿ ‘ರೊಮುವಾ’ ಎಂಬ ಸಮುದಾಯವಿದೆ. 1387ರಲ್ಲಿ ಆ ನಾಡು ಕ್ರೈಸ್ತಮತಕ್ಕೆ ಸೇರುವ ಮೊದಲಿದ್ದ ಬೆಂಕಿ, ಗುಡುಗು, ಭೂಮಿಯ ದೇವತೆಗಳನ್ನು ಈ ಜನ ಮತ್ತೆ ಪೂಜಿಸುತ್ತಿದ್ದಾರೆ. ಸೋವಿಯತ್ ಆಳ್ವಿಕೆಯಲ್ಲಿ, 1967ರ ಸುಮಾರಿಗೆ ಜನಪದ ಹಬ್ಬದ ರೂಪದಲ್ಲಿ ಶುರುವಾದ ಇದಕ್ಕೆ ಆಧಾರವಾದದ್ದು ಧರ್ಮಗ್ರಂಥವಲ್ಲ, ‘ದೈನಾ’ ಎಂಬ ಹಾಡುಗಳು. ಇವರಿಗೆ ಮಾನ್ಯತೆ ನಿರಾಕರಿಸಿದ್ದು ತಾರತಮ್ಯವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2021ರಲ್ಲಿ ಹೇಳಿತು. ಅಲ್ಲಿ ಹಾಡಿನಿಂದ ದೇವರು ಮರಳಿದರು.

ನಮ್ಮಲ್ಲಿ ಆದದ್ದು ಇದರ ತಿರುವುಮುರುವು. ದೇವರು ಇಲ್ಲೇ ಇದ್ದರು. ನಾವು ಹಾಡನ್ನಷ್ಟೇ ಬಿಡಿಸಿ ತಂದು ‘ಜನಪದ ಸಾಹಿತ್ಯ’ವೆಂಬ ಪಠ್ಯ ಮಾಡಿಕೊಂಡೆವು. ನಾಗಮಂಗಲ ತಾಲ್ಲೂಕಿನವರೇ ಆದ ಜೀ.ಶಂ. ಪರಮಶಿವಯ್ಯ, ಎಚ್.ಎಲ್. ನಾಗೇಗೌಡರಂಥವರು ಸಂಗ್ರಹಿಸದಿದ್ದರೆ ಎಷ್ಟೋ ಹಾಡುಗಳು ಉಳಿಯುತ್ತಿರಲಿಲ್ಲ, ನಿಜ. ಆದರೆ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯವನ್ನು ತರಗತಿಯಲ್ಲಿ ಓದುವಾಗ ನಾವು ಆಶಯ, ಶೈಲಿಗಳನ್ನು ಹುಡುಕುತ್ತೇವೆ. ಹಾಡುವವರಿಗೆ ಅದು ಪೂಜೆ ಎಂಬುದು ಅಡಿಟಿಪ್ಪಣಿಗೆ ಸರಿಯುತ್ತದೆ.

ಹೀಗಾಗಿಯೇ ಸಿದ್ಧಲಿಂಗಯ್ಯನವರ ‘ಅವತಾರಗಳು’ ಇಂದಿಗೂ ಬೇಕಾದ ಪುಸ್ತಕ. ‘ಹೊಲೆಮಾದಿಗರ ಹಾಡು’ (1975) ಬರೆದ ಸಿಟ್ಟಿನ ಕವಿ ಗ್ರಾಮದೇವತೆಗಳ ಕಡೆಗೆ ಹೊರಳಿದ್ದನ್ನು ಡಿ.ಆರ್. ನಾಗರಾಜ್ ರಾಜಕೀಯ ಆಕ್ರೋಶದಿಂದ ಸಾಂಸ್ಕೃತಿಕ ದೃಢೀಕರಣದತ್ತ ನಡೆದ ಪಯಣವಾಗಿ ಕಂಡರು. ಈ ಓದು ಸರಿಯೇ, ಆದರೆ ತುಸು ಗಂಭೀರವಾಯಿತು. ಪುಸ್ತಕದ ಜೀವಾಳ ಅದರ ನಗು. ಮೈಮೇಲೆ ಬರುವ ದೇವರೊಡನೆ ಜನ ಚೌಕಾಸಿ ಮಾಡಬಲ್ಲರು, ಗದರಬಲ್ಲರು. ಇದು ಶರಣಾಗುವ ಭಕ್ತಿಯಲ್ಲ, ದೂರ ನಿಂತು ಅಲ್ಲಗಳೆಯುವ ವಿಚಾರವಾದವೂ ಅಲ್ಲ. ಮನೆಯ ಹಿರಿಯರೊಡನೆ ಇರುವಂಥ ಸಲಿಗೆ.

ಈ ಸಲಿಗೆಗೆ ಮಿತಿಯಿದೆ ಎಂಬುದನ್ನೂ ಹೇಳಬೇಕು. ದೇವರನ್ನು ಬೈಯಬಲ್ಲವನಿಗೆ ಅದೇ ಊರಿನ ಗೌಡನನ್ನು ಬೈಯುವ ಅವಕಾಶವಿರಲಿಲ್ಲ. ಮಾರಿಹಬ್ಬಕ್ಕೆ ತಮಟೆ ಬೇಕು, ತಮಟೆ ಬಡಿಯುವವನು ಮಾತ್ರ ಹೊರಗೇ ನಿಲ್ಲಬೇಕು. ಹಳೆಯದನ್ನೆಲ್ಲ ಹಾಗೇ ಮರಳಿ ತರೋಣ ಎನ್ನುವವರು ಇದನ್ನು ಮರೆಯಬಾರದು.

ಆದರೆ ಈಗ ‘ಜೀರ್ಣೋದ್ಧಾರ’ದ ಹೆಸರಲ್ಲಿ ಉಳಿಯುತ್ತಿರುವುದು ಯಾವುದು? ಕೆ.ಆರ್. ಪೇಟೆ ಸೀಮೆಯ ಹೊಸಹೊಳಲು, ಕಿಕ್ಕೇರಿ, ಸಿಂಧಘಟ್ಟಗಳಲ್ಲಿ ಹೊಯ್ಸಳರ ಕಾಲದ ಗುಡಿಗಳಿವೆ. ಅವಕ್ಕೆ ಶಾಸನದ ನೆನಪೂ ವಿದ್ವಾಂಸರ ಗಮನವೂ ಇದೆ. ಬೇವಿನಡಿಯ ಮಾರಮ್ಮನಿಗೆ ಇರುವುದು ಹಾಡು, ಸೋಮನ ಕುಣಿತ, ಮೈಮೇಲೆ ಬಂದಾಗಿನ ಮಾತು ಇಷ್ಟೇ. ಕಲ್ಲಿನ ಜಾಗಕ್ಕೆ ಹೊಸ ವಿಗ್ರಹ, ಗೋಪುರ, ಸಂಸ್ಕೃತ ಮಂತ್ರ ಬಂದಾಗ ತಾಯಿ ಅಲ್ಲೇ ಇರುತ್ತಾಳೆ. ಅವಳೊಡನೆ ಕನ್ನಡದಲ್ಲಿ ಜಗಳವಾಡುವವರು ಮಾತ್ರ ಸಾಲಿನಲ್ಲಿ ಕೈಮುಗಿದು ನಿಲ್ಲುತ್ತಾರೆ. ಜಾತಿಯ ಗೆರೆ ಅಳಿಯದೆ ಸಲಿಗೆಯಷ್ಟೇ ಅಳಿದರೆ, ನಷ್ಟ ಯಾರದೆಂದು ಬೇರೆ ಹೇಳಬೇಕಿಲ್ಲ.

ಕ್ಷೇತ್ರಕಾರ್ಯಕ್ಕೆ ಹೋಗುವ ನಾವು ಹಾಡಿನ ಸಾಲುಗಳ ಜೊತೆ ಇನ್ನೊಂದನ್ನೂ ಬರೆದುಕೊಳ್ಳಬೇಕು: ದೇವರು ಬಂದಾಗ ಎದುರು ಮಾತಾಡಿದವರು ಯಾರು, ಈಗ ಅವರು ಎಲ್ಲಿ ನಿಂತಿದ್ದಾರೆ?