ಚಾರ್ಲಿಯ ಡಾಕ್ಟ್ರು ಕೇಳದೇ ಹೋದ ಪ್ರಶ್ನೆ

'777 ಚಾರ್ಲಿ'ಯಲ್ಲಿ ರಾಜ್ ಬಿ. ಶೆಟ್ಟಿ ಮಾಡಿರೋ ಪಶುವೈದ್ಯ ಅಶ್ವಿನ್ ಕುಮಾರ್ ಪಾತ್ರ ಯಾರಿಗೆ ಇಷ್ಟವಾಗಲ್ಲ ಹೇಳಿ? ಮಾತು ತಮಾಷೆ, ಮನಸ್ಸು ಮೆತ್ತಗೆ. 2022ರ ಜೂನ್‌ನಲ್ಲಿ ಸಿನಿಮಾ ಬಂದಾಗ ಊರೆಲ್ಲ ಅತ್ತಿತ್ತು. ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರೂ ಅತ್ತರು. ಆಮೇಲೆ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. ನಿರ್ದೇಶಕ ಕಿರಣ್‌ರಾಜ್ ನಾಯಿಯೊಂದರಿಂದ ಅಷ್ಟು ಕೆಲಸ ತೆಗೆದದ್ದು ಸಣ್ಣ ಮಾತಲ್ಲ. ನನ್ನ ತಕರಾರು ಬೇರೆ. ಆ ಒಳ್ಳೇ ಡಾಕ್ಟ್ರಿಗೆ ಸಿನಿಮಾ ಕೊಟ್ಟಿರೋ ಕೆಲಸ ತೀರಾ ಕಡಿಮೆ ಆಯ್ತು.

ಕಥೆ ಗೊತ್ತಲ್ಲ. ಕ್ರೂರಿ ಬ್ರೀಡರ್ ಕೈಯಿಂದ ತಪ್ಪಿಸಿಕೊಂಡ ಲ್ಯಾಬ್ರಡಾರ್ ಒಂಟಿ ಧರ್ಮನ ಮನೆ ಸೇರುತ್ತೆ. ಆಮೇಲೆ ಅದಕ್ಕೆ ಹೆಮಾಂಜಿಯೋಸಾರ್ಕೋಮ, ಅಂದ್ರೆ ರಕ್ತನಾಳದ ಕ್ಯಾನ್ಸರ್, ಇರೋದು ಗೊತ್ತಾಗುತ್ತೆ. ಕಾರಣ ಇನ್‌ಬ್ರೀಡಿಂಗ್, ಹತ್ತಿರದ ರಕ್ತಸಂಬಂಧದಲ್ಲೇ ಮರಿ ಮಾಡಿಸಿದ್ದು ಅಂತ ಸಿನಿಮಾ ಹೇಳುತ್ತೆ. ಮಾಡಿದ್ದು ಬ್ರೀಡರ್, ಅನುಭವಿಸಿದ್ದು ಚಾರ್ಲಿ, ಅತ್ತಿದ್ದು ನಾವು. ಡಾಕ್ಟ್ರು ಕೆಟ್ಟ ಸುದ್ದಿ ಹೇಳೋಕೆ ಬಂದವರು, ಅಷ್ಟೇ.

ರೋಗದ ಆಯ್ಕೆಯಲ್ಲೇ ಒಂದು ತೊಡಕಿದೆ. ಈ ಕ್ಯಾನ್ಸರ್ ಹೆಚ್ಚಾಗಿ ಗುಲ್ಮದಲ್ಲೋ ಹೃದಯದಲ್ಲೋ ಸದ್ದಿಲ್ಲದೆ ಬೆಳೆಯುತ್ತೆ, ಗೊತ್ತಾಗೋ ಹೊತ್ತಿಗೆ ಬಹಳ ಸಲ ಕಾಲ ಮೀರಿರುತ್ತೆ. ಕಣ್ಣೀರಿಗೆ ಹೇಳಿ ಮಾಡಿಸಿದ ರೋಗ. ಆದರೆ ಈ ಜೋಡಿಯ ಮರಿಗೆ ಮುಂದೆ ಇದು ಬರಲ್ಲ ಅಂತ ಮೊದಲೇ ಹೇಳೋ ಪರೀಕ್ಷೆ ಇಲ್ಲ. ಇನ್‌ಬ್ರೀಡಿಂಗ್ ತಳಿಯನ್ನ ದುರ್ಬಲ ಮಾಡೋದು ನಿಜ. ಅಲ್ಲಿಂದ ಈ ಕ್ಯಾನ್ಸರಿಗೆ ಸಿನಿಮಾ ಎಳೆದಿರೋ ನೇರ ಗೆರೆ ಮಾತ್ರ ಅಷ್ಟು ನೇರವಾಗಿಲ್ಲ.

ಲ್ಯಾಬ್‌ಗಳಲ್ಲಿ ಮೊದಲೇ ಪತ್ತೆ ಮಾಡಬಹುದಾದ ಕಾಯಿಲೆಗಳು ಬೇರೆಯೇ ಇವೆ. ಸೊಂಟದ ಕೀಲು ಸಡಿಲವಾಗಿ ಬೆಳೆಯೋ ಹಿಪ್ ಡಿಸ್‌ಪ್ಲೇಸಿಯಾ: ಎಕ್ಸ್‌ರೇಯಲ್ಲಿ ಕಾಣುತ್ತೆ. ಜೋರಾಗಿ ಓಡಿದ ಮೇಲೆ ಹಿಂಗಾಲು ಸೋತು ಕುಸಿಯೋ ಇಐಸಿ: ಡಿಎನ್‌ಎ ಪರೀಕ್ಷೆಯಲ್ಲಿ ಗೊತ್ತಾಗುತ್ತೆ. (ಚಾರ್ಲಿ ಸ್ಪರ್ಧೆಯಲ್ಲಿ ಓಡುವಾಗ ನನಗೆ ಅದೇ ಯೋಚನೆ, ಏನ್ಮಾಡೋದು.) ನಿಧಾನಕ್ಕೆ ಕಣ್ಣು ಕಳೆಯೋ ಪಿಆರ್‌ಎ ಇನ್ನೊಂದು. ಲ್ಯಾಬ್‌ಗಳಲ್ಲಿ ಕಾಣೋ ಅದರ ಒಂದು ಬಗೆಗೆ ಕೆನ್ನೆಯೊಳಗಿನ ಸ್ವ್ಯಾಬ್ ಸಾಕು. ತಂದೆ ತಾಯಿ ಇಬ್ಬರಲ್ಲೂ ಆ ಜೀನಿನ ಒಂದೊಂದು ಕೆಟ್ಟ ಪ್ರತಿ ಇದ್ದರೆ ಪ್ರತಿ ಮರಿಗೂ ಕಾಯಿಲೆ ಬರೋ ಸಾಧ್ಯತೆ ನಾಲ್ಕರಲ್ಲಿ ಒಂದು. ತಂದೆ ತಾಯಿಗೆ ಏನೂ ಆಗಿರಲ್ಲ. ಬಾಲ ಆಡಿಸ್ಕೊಂಡು, ಚೆಂಡು ತಂದುಕೊಟ್ಕೊಂಡು ಚೆನ್ನಾಗಿಯೇ ಇರ್ತವೆ. ಅಂಥ ನಾಯಿಯನ್ನ ತಳಿಯಿಂದ ಹೊರಗೆ ಹಾಕಬೇಕು ಅಂತಲೂ ಇಲ್ಲ. ಆ ಜೀನ್ ಇಲ್ಲದ ನಾಯಿ ಜೊತೆ ಕೂಡಿಸಿದರೆ ಆ ಕಾಯಿಲೆಯ ಮರಿ ಹುಟ್ಟಲ್ಲ. ಇಷ್ಟನ್ನ ಹೇಳೋಕೆ ಪಶುವೈದ್ಯರಿಗೆ ಐದು ನಿಮಿಷ ಸಾಕು.

ಆ ಐದು ನಿಮಿಷ ಯಾಕೆ ಸಿಗಲ್ಲ ಅಂತ ಸಿನಿಮಾ ಕೇಳಲ್ಲ. ನಮ್ಮ ಕಡೆ ಮರಿ ಮೊದಲು ಮನೆಗೆ ಬರುತ್ತೆ, ಆಮೇಲೆ ಕ್ಲಿನಿಕ್ಕಿಗೆ ಹೋಗುತ್ತೆ. ಇಂಜೆಕ್ಷನ್ ಕಾರ್ಡ್ ಬರೀತಾ ಡಾಕ್ಟ್ರು "ಇದರ ಅಪ್ಪ ಅಮ್ಮನ ಹಿಪ್ ಎಕ್ಸ್‌ರೇ ಆಗಿದೆಯಾ?" ಅಂತ ಕೇಳಿದರೂ ಪ್ರಯೋಜನ ಇಲ್ಲ, ಮಕ್ಕಳು ಆಗಲೇ ಹೆಸರಿಟ್ಟಾಗಿರುತ್ತೆ. ನಿಮ್ಮ ಕೈಯಲ್ಲಿರೋ ಕೆನೆಲ್ ಕ್ಲಬ್ ಪೇಪರ್ ವಂಶ ಹೇಳುತ್ತೆ, ಸೊಂಟದ ಕೀಲಿನ ವಿಷಯ ಹೇಳಲ್ಲ. ಅತ್ತ ಬ್ರೀಡರ್ ಆ ಕ್ಲಿನಿಕ್ಕಿನ ಕಾಯಂ ಗಿರಾಕಿ. ಒಂದೊಂದು ಸೂಲಿಗೆ ಏಳೆಂಟು ಮರಿ, ಎಲ್ಲಕ್ಕೂ ಲಸಿಕೆ. "ಈ ಹೆಣ್ಣನ್ನ ಕೂಡಿಸಬೇಡಿ" ಅಂದ್ರೆ ಅವರು ಪಕ್ಕದ ರಸ್ತೆಯ ಡಾಕ್ಟ್ರ ಹತ್ರ ಹೋಗ್ತಾರೆ. ಈ ಲೆಕ್ಕಾಚಾರದಲ್ಲಿ ವಿಲನ್ ಯಾರೂ ಬೇಕಿಲ್ಲ.

ಬ್ರೀಡರ್ ಅಂದಕೂಡಲೇ ಸಿನಿಮಾದವನ ಹಾಗೆ ಕೋಲು ಹಿಡಿದೇ ನಿಂತಿರಬೇಕು ಅಂತಿಲ್ಲ. ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ "ನಮ್ಮ ಬೆಲ್ಲಾಗೆ ಒಂದ್ಸಲ ಮರಿ ಆಗ್ಲಿ ಪಾಪ" ಅಂತ ವಾಟ್ಸಾಪ್ ಗ್ರೂಪಲ್ಲಿ ಗಂಡು ಹುಡುಕೋ ಸಾಫ್ಟ್‌ವೇರ್ ದಂಪತಿಯೂ ಬ್ರೀಡರೇ. ಅವರೂ ಥಿಯೇಟರಲ್ಲಿ ಅತ್ತಿದ್ದಾರೆ, ಮನೆಗೆ ಬಂದು ಗಂಡು ಹುಡುಕಿದ್ದಾರೆ. ಸಿನಿಮಾ ಅವರನ್ನ ಒಂದು ಚೂರೂ ಮುಜುಗರಕ್ಕೆ ಸಿಕ್ಕಿಸಲ್ಲ. ನನ್ನ ದೊಡ್ಡ ತಕರಾರು ಇದೇ.

ಕಾನೂನು ಇಲ್ಲ ಅಂತಲ್ಲ. 2017ರ ಕೇಂದ್ರದ ನಿಯಮಗಳ ಪ್ರಕಾರ ವ್ಯಾಪಾರಕ್ಕೆ ಮರಿ ಮಾಡಿಸೋರು ನೋಂದಣಿ ಮಾಡಿಸಬೇಕು, ಹದಿನೆಂಟು ತಿಂಗಳು ತುಂಬದೆ ಕೂಡಿಸಬಾರದು, ಅಣ್ಣ ತಂಗಿ, ಅಪ್ಪ ಮಗಳು ಸಂಬಂಧ ಕೂಡದು, ಎಂಟು ವಾರದೊಳಗೆ ಮಾರಬಾರದು. ಕೂಡಿಸೋ ಮೊದಲು ನಾಯಿ ಆರೋಗ್ಯವಾಗಿದೆ ಅಂತ ಪಶುವೈದ್ಯರ ಸರ್ಟಿಫಿಕೇಟ್ ಬೇಕು. ಆರೋಗ್ಯ ಅಂದ್ರೆ ಏನು? ಮೈ ಮುಟ್ಟಿ, ಸ್ಟೆತಾಸ್ಕೋಪ್ ಇಟ್ಟು, ಜ್ವರ ನೋಡೋದಾ? ಹದಿನೆಂಟು ತಿಂಗಳಿಗೆ ಪಿಆರ್‌ಎ ಇರೋ ಲ್ಯಾಬಿನ ಕಣ್ಣು ಚೆನ್ನಾಗಿಯೇ ಇರಬಹುದು. ಡಾಕ್ಟ್ರು ಸುಳ್ಳು ಬರೆದಿರಲ್ಲ. ಆ ಕಾಗದದಿಂದ ಮರಿಗೆ ಮಾತ್ರ ಏನೂ ಉಪಯೋಗ ಆಗಿರಲ್ಲ.

ಬ್ರಿಟನ್ನಿನಲ್ಲಿ 1965ರಿಂದ ಅಲ್ಲಿನ ಪಶುವೈದ್ಯರ ಸಂಘ ಮತ್ತು ಕೆನೆಲ್ ಕ್ಲಬ್ ಸೇರಿ ಹಿಪ್ ಅಂಕದ ವ್ಯವಸ್ಥೆ ನಡೆಸ್ತಿವೆ. ಊರ ಡಾಕ್ಟ್ರು ಎಕ್ಸ್‌ರೇ ತೆಗೀತಾರೆ, ಅಂಕ ಹಾಕೋದು ಬೇರೆ ತಜ್ಞರು. ಸೊನ್ನೆಯಿಂದ 106ರವರೆಗೆ, ಕಡಿಮೆ ಇದ್ದಷ್ಟೂ ಒಳ್ಳೇದು. ಊರ ಡಾಕ್ಟ್ರಿಗೆ ಗಿರಾಕಿ ಜೊತೆ ನಿಷ್ಠುರ ಆಗೋ ತಾಪತ್ರಯ ಇಲ್ಲ, ಜಾಣತನ ನೋಡಿ. ಹಾಗಂತ ಅಲ್ಲಿ ಎಲ್ಲಾ ಸರಿಯಿಲ್ಲ. 2008ರಲ್ಲಿ ಬಿಬಿಸಿಯ 'ಪೆಡಿಗ್ರೀ ಡಾಗ್ಸ್ ಎಕ್ಸ್‌ಪೋಸ್ಡ್' ಬಂದಾಗ, ಮಿದುಳಿಗೆ ಸಾಲದಷ್ಟು ಚಿಕ್ಕ ತಲೆಬುರುಡೆಯ ಕ್ಯಾವಲಿಯರ್ ನಾಯಿಗಳ ನೋವನ್ನ ಜನ ನೋಡಿ ದಂಗಾದರು. ಅದರಲ್ಲಿ ಪಶುವೈದ್ಯರು ಕ್ಯಾಮೆರಾ ಮುಂದೆ ಕೂತು, ಇದು ಹೀಗಾಗಬೇಕಾಗಿರಲಿಲ್ಲ ಅಂತ ವಿವರಿಸ್ತಾರೆ. ಮರುವರ್ಷ ಬಿಬಿಸಿ ಕ್ರಫ್ಟ್ಸ್ ನಾಯಿ ಪ್ರದರ್ಶನದ ಪ್ರಸಾರವನ್ನೇ ಕೈಬಿಟ್ಟಿತು. ಸಾಕ್ಷ್ಯಚಿತ್ರವನ್ನ ಕಥಾಚಿತ್ರದ ಪಕ್ಕ ಇಡೋದು ಅನ್ಯಾಯ ಅನ್ನಿ, ಒಪ್ತೀನಿ. ಆದರೂ ಅಶ್ವಿನ್ ಕುಮಾರ್ ಬಾಯಲ್ಲಿ ಅಂಥದ್ದೊಂದು ದೃಶ್ಯ ಹಿಡಿಸ್ತಿತ್ತು. ರಾಜ್ ಶೆಟ್ಟಿ ಅದನ್ನ ನಗಿಸ್ತಾನೇ ದಾಟಿಸ್ತಿದ್ರು.

ಕೊನೆಗೆ ಚಾರ್ಲಿ ಒಂದು ಮರಿ ಬಿಟ್ಟು ಹೋಗುತ್ತೆ. ಅತ್ತ ಥಿಯೇಟರಿಗೆ ಅದೇ ಸಮಾಧಾನ. ಎರಡು ಮುಕ್ಕಾಲು ಗಂಟೆ ಕೆಟ್ಟ ತಳಿಸಂಬಂಧದ ವಿರುದ್ಧ ಮಾತಾಡಿದ ಸಿನಿಮಾ, ಅದೇ ರಕ್ತದ ಮರಿಯನ್ನ ಹೀಗೆ ಮಡಿಲಿಗೆ ಹಾಕುವಾಗ ಒಂದು ಕ್ಷಣವೂ ಅನುಮಾನಿಸಲ್ಲ. ನಾವೂ ಚಪ್ಪಾಳೆ ಹೊಡೀತೀವಿ.