ಗೋಕಾಕದ ಪವರು, ಹುಕ್ಕೇರಿಯ ಕರೆಂಟು

ಗೋಕಾಕ ಫಾಲ್ಸ್ ಬಗ್ಗೆ ಒಮ್ಮೆ ನೆಟ್‌ನಲ್ಲಿ ಹುಡುಕಿ ನೋಡಿ. ಘಟಪ್ರಭಾ ನದಿ, 52 ಮೀಟರ್ ಎತ್ತರ, ತೂಗುಸೇತುವೆ, ಕರದಂಟು. ಇಷ್ಟರ ಜೊತೆ ಇನ್ನೊಂದು ಸಾಲೂ ಸಿಗುತ್ತೆ: ಏಷ್ಯಾದಲ್ಲೇ ಮೊದಲು ವಿದ್ಯುತ್ ಉತ್ಪಾದನೆ ಆದದ್ದು ಇಲ್ಲಿ, 1887ರಲ್ಲಿ. ಓದಿದ ಬೆಳಗಾವಿ ಕಡೆಯವರಿಗೆಲ್ಲ ಎದೆ ಉಬ್ಬುತ್ತೆ. ಆದರೆ ಈ ಸಾಲು ಹುಟ್ಟಿದ್ದೇ ಒಂದು ಇಂಗ್ಲಿಷ್ ಪದ ಕನ್ನಡಕ್ಕೆ ಬರುವಾಗ ಎಡವಿ ಬಿದ್ದದ್ದರಿಂದ ಅನ್ನೋದು ನನ್ನ ಅನುಮಾನ. ಆ ಪದ 'ಪವರ್'.

ಫಾಲ್ಸ್ ಪಕ್ಕದ ಹತ್ತಿ ಗಿರಣಿಗಾಗಿ 1885ರಲ್ಲಿ ಶುರುವಾದ ಕಂಪನಿಯ ಹೆಸರು 'ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ'. ಗಿರಣಿ ನಡೆಯತೊಡಗಿದ್ದು 1887ರಲ್ಲಿ. ಈ ಹೆಸರಿನ 'ವಾಟರ್ ಪವರ್' ಕರೆಂಟ್ ಅಲ್ಲ, ನೀರಿನ ಬಲ. ಕೆಳಗೆ ಟರ್ಬೈನ್ ತಿರುಗಿ ಹುಟ್ಟಿದ ಬಲವನ್ನು ಮೇಲಿನ ಗಿರಣಿಗೆ ಮುಟ್ಟಿಸಿದ್ದು ಗಾಲಿಗಳ ಮೇಲೆ ಓಡುವ ಹಗ್ಗ. ಊರಿನ ಹಿಟ್ಟಿನ ಗಿರಣಿಯ ಬೆಲ್ಟ್ ನೆನಪಿಸಿಕೊಳ್ಳಿ, ಅದನ್ನೇ ನೂರು ಪಟ್ಟು ದೊಡ್ಡದು ಮಾಡಿ. ವಿದ್ಯುತ್ ಅಲ್ಲಿಗೆ ಬಂದದ್ದು ಆಮೇಲೆ. ಭಾರತದ ಮೊದಲ ಜಲವಿದ್ಯುತ್ ಕೇಂದ್ರ ಅಂತ ಗುರುತಿಸೋದು ಡಾರ್ಜಿಲಿಂಗ್ ಬಳಿಯ ಸಿದ್ರಾಪಾಂಗನ್ನು, 1897. ನಮ್ಮ ಶಿವನಸಮುದ್ರ 1902.

ಇದರಿಂದ ಗೋಕಾಕದ ಹಿರಿಮೆಗೆ ಕುಂದೇನೂ ಇಲ್ಲ. ಕರೆಂಟೇ ಇಲ್ಲದೆ ನೀರು, ಗಾಲಿ, ಹಗ್ಗದಿಂದ ಇಡೀ ಗಿರಣಿ ನಡೆಸಿದ್ದು ಸಣ್ಣ ಮಾತಾ? ಆ ಕಥೆಯೇ ಚೆಂದ ಇತ್ತು. 'ಪವರ್' ಅಂದರೆ 'ವಿದ್ಯುತ್' ಅಂತ ಬರೆದು ಅದನ್ನು ನಾವೇ ಮುಚ್ಚಿಹಾಕಿದ್ವಿ.

ಇದು ಒಂದೇ ಸಲ ಆದ ಎಡವಟ್ಟಲ್ಲ. 'ಪವರ್ ಲೂಮ್' ಅನ್ನೋದಕ್ಕೆ ಕನ್ನಡದಲ್ಲಿ 'ವಿದ್ಯುತ್ ಮಗ್ಗ' ಅಂತೀವಿ. ನಮ್ಮ ಮಗ್ಗಗಳು ಓಡೋದು ಕರೆಂಟಿನಲ್ಲೇ, ಹಾಗಾಗಿ ನಮಗೆ ಸರಿ. ಆದರೆ ಇಂಗ್ಲೆಂಡಿನಲ್ಲಿ ಕಾರ್ಟ್‌ರೈಟ್ ಪವರ್ ಲೂಮಿಗೆ ಪೇಟೆಂಟ್ ಪಡೆದದ್ದು 1785ರಲ್ಲಿ. ಅಂಥ ಮಗ್ಗಗಳು ಮೊದಮೊದಲು ನಡೆದದ್ದು ನೀರು, ಉಗಿಯ ಬಲದ ಮೇಲೆ. ಅಲ್ಲಿಯೂ 'ವಿದ್ಯುತ್ ಮಗ್ಗ' ಅಂತ ಬರೆದರೆ, ಕರೆಂಟ್ ಬರುವ ಮೊದಲೇ ಸ್ವಿಚ್ ಹಾಕಿದ ಹಾಗೆ. 'ಯಂತ್ರಮಗ್ಗ' ಅನ್ನೋ ಒಳ್ಳೇ ಪದ ಇದ್ದೂ ಹೀಗೆ.

ಮಜಾ ಏನಪ್ಪಾ ಅಂದ್ರೆ, ಬರೆಯೋರು ಕಲಸಿ ಹಾಕಿದ್ದನ್ನ ಮಾತಾಡೋ ಮಂದಿ ಸೋಸಿ ಇಟ್ಟಿದ್ದಾರೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಸಂತೆಯಲ್ಲಿ ಕಿವಿಗೊಟ್ಟು ಕೇಳಿ. ಮನೆಯಲ್ಲಿ ಹೋಗೋದು, ಬರೋದು 'ಕರೆಂಟ್'. ಕಬ್ಬಿನ ಹೊಲದ ಮೋಟರ್ 'ಐದ್ ಎಚ್‌ಪಿದು'. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಫ್ರೀ ಇರೋದರಿಂದ ಈ ಲೆಕ್ಕ ಯಾರಿಗೂ ತಪ್ಪಲ್ಲ. ಒಂದು ಎಚ್‌ಪಿ ಅಂದರೆ 746 ವ್ಯಾಟ್ ಅಂತ ಗೊತ್ತಿಲ್ಲದಿದ್ದರೂ ನಡೆಯುತ್ತೆ. ಇನ್ನು 'ಪವರ್' ಯಾವುದಕ್ಕೆ? ಚಸ್ಮಾಕ್ಕೆ, ಗುಳಿಗೆಗೆ, ಮತ್ತೆ ಮನುಷ್ಯರಿಗೆ.

ಆ ಮೂರನೆಯದರಲ್ಲೇ ಇರೋದು ವಿಷಯ. 'ಸಾಹೇಬ್ರಿಗೆ ಅಧಿಕಾರ ಐತ್ರಿ, ಖರೇ, ಆದ್ರ ಪವರ್ ಬ್ಯಾರೇದವ್ರ ಕೈಯಾಗ ಐತಿ' ಅಂತಾರೆ. ಪಂಚಾಯ್ತಿ ಬಗ್ಗೆ ಕೇಳಿದರೆ, 'ಅಧಿಕಾರ ಅಧ್ಯಕ್ಷಿಗೆ, ಪವರ್ ಅಕಿ ಗಂಡಗ'. ಯಾವ ರಾಜ್ಯಶಾಸ್ತ್ರದ ಪುಸ್ತಕವೂ ಇಷ್ಟು ಚುಟುಕಾಗಿ ಹೇಳಲ್ಲ. ಅಧಿಕಾರ ಅಂದರೆ ಕೊಟ್ಟದ್ದು: ಅದಕ್ಕೊಂದು ಕಾಗದ, ಒಂದು ಅವಧಿ ಇರುತ್ತೆ, ವಾಪಸ್ ಕೇಳಬಹುದು. ಪವರ್ ಅಂದರೆ ಕಾಗದದ ಮೇಲೆ ಇಲ್ಲದ್ದು: ಯಾರು ಕೊಟ್ಟರೋ ಗೊತ್ತಿಲ್ಲ, ಯಾರನ್ನ ವಾಪಸ್ ಕೇಳೋದು? ಗೋಕಾಕ ತಾಲೂಕಿನಲ್ಲಿದ್ದ ಮೂಡಲಗಿಯ ಜನ ಹೋರಾಡಿ 2018ರಲ್ಲಿ ತಮ್ಮದೇ ತಾಲೂಕು ಪಡೆದರಲ್ಲ, ಅವರು ಕೇಳಿದ್ದು ಮೊದಲನೆಯದನ್ನ. ತಹಶೀಲ್ದಾರ್ ಕಚೇರಿ ಹತ್ತಿರ ಬರಲಿ, ಅಧಿಕಾರಕ್ಕೆ ಒಂದು ಬಾಗಿಲು ಇರಲಿ, ಹೋಗಿ ತಟ್ಟೋಣ ಅಂತ.

ಹುಕ್ಕೇರಿಯದು ಇನ್ನೂ ಸ್ವಾರಸ್ಯ. ಅಲ್ಲಿ ಮನೆಮನೆಗೆ ಕರೆಂಟ್ ಹಂಚೋದು 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಸುತ್ತಮುತ್ತಲೆಲ್ಲ ಹೆಸ್ಕಾಂ, ಇಲ್ಲಿ ಮಾತ್ರ ಜನರದ್ದೇ ಸಂಘ. ಬಲ್ಬಿಗೆ ಕರೆಂಟ್ ಕೊಡೋರನ್ನ ವೋಟ್ ಹಾಕಿ ಆರಿಸೋ ಭಾಗ್ಯ ಬೆಂಗಳೂರಿನ ನಮಗಿಲ್ಲ. 2025ರ ಚುನಾವಣೆಯಲ್ಲಿ ಜಿಲ್ಲೆಯ ದೊಡ್ಡ ರಾಜಕೀಯ ಮನೆತನಗಳೇ ಎದುರುಬದುರಾದವು. ಇಂಗ್ಲಿಷ್ ಪತ್ರಕರ್ತರಿಗೆ ಇದು 'ಪವರ್ ಫೈಟ್' ಅನ್ನೋ ರೆಡಿಮೇಡ್ ಹೆಡ್‌ಲೈನ್. ಆದರೆ ಆ ಶ್ಲೇಷೆಯಲ್ಲಿ ಕೇಳಬೇಕಾದ ಪ್ರಶ್ನೆ ಕರಗಿಹೋಗುತ್ತೆ. ಕನ್ನಡದಲ್ಲಿ ಬಿಡಿಸಿ ಕೇಳಲೇಬೇಕು: ಕರೆಂಟ್ ಸದಸ್ಯರದ್ದು, ಅಧಿಕಾರ ಆಡಳಿತ ಮಂಡಳಿಯದ್ದು, ಹಾಗಾದರೆ ಪವರ್ ಯಾರದ್ದು?

ಇದು ಹಳ್ಳಿ ರಾಜಕೀಯ, ನಮಗ್ಯಾಕೆ ಅನ್ಬೇಡಿ. ಆಫೀಸಿನಲ್ಲಿ ಎಚ್‌ಆರ್ ಮೇಲ್ ಬರುತ್ತಲ್ಲ, ನಿಮ್ಮನ್ನ 'ಎಂಪವರ್' ಮಾಡಿದೀವಿ ಅಂತ? ಅದನ್ನ ಕನ್ನಡಕ್ಕೆ ತಂದು ನೋಡಿ. ನಮ್ಮ ಸರ್ಕಾರಿ ಪದ 'ಸಬಲೀಕರಣ'. ಅದರಲ್ಲಿ ಬಲ ಇದೆ, ಅಧಿಕಾರ ಇಲ್ಲ. ಡೆಡ್‌ಲೈನ್ ಹೊರೋ ಬಲ ನಿಮಗೆ, ಬಜೆಟ್‌ಗೆ ಸಹಿ ಹಾಕೋ ಅಧಿಕಾರ ಮೇಲಿನವರಿಗೆ. ಮಹಿಳಾ ಸಬಲೀಕರಣದ ಬ್ಯಾನರ್ ಕೆಳಗೆ ಕೂತ ಆ ಅಧ್ಯಕ್ಷೆಯದ್ದು ಇದರ ಉಲ್ಟಾ: ಅಧಿಕಾರ ಸಿಕ್ಕಿದೆ, ಚಲಾಯಿಸೋಕೆ ಬಿಡ್ತಿಲ್ಲ. ಎರಡು ರೋಗ, ಔಷಧಿ ಬೇರೆ ಬೇರೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಚೀಟಿ.

ಇಂಗ್ಲಿಷ್ ಪದ ಬೇಡ ಅಂತ ನನ್ನ ವಾದ ಅಲ್ಲ. ಸಂತೆಯ ಮಂದಿ 'ಪವರ್'ಗೆ ಕನ್ನಡದಲ್ಲಿ ಇಲ್ಲದ ಒಂದು ಕೆಲಸ ಹುಡುಕಿಕೊಟ್ಟಿದ್ದಾರೆ, ಅದು ಇರಲಿ. ಬರೆಯೋರು, ಅನುವಾದ ಮಾಡೋರು, ಸ್ಲೈಡ್ ತಯಾರಿಸೋರು ಅಷ್ಟಾದರೂ ಎಚ್ಚರ ಇಟ್ಟುಕೊಳ್ಳಲಿ. ಮುಂದಿನ ಸಲ 'ಪವರ್' ಕಂಡಾಗ ಒಂದು ಕ್ಷಣ ನಿಂತು ಕೇಳಿ: ಬಲವೋ, ಕರೆಂಟೋ, ಅಧಿಕಾರವೋ, ಅಥವಾ ಅಧ್ಯಕ್ಷೆಯ ಗಂಡನ ಹತ್ತಿರ ಇರುವಂಥದ್ದೋ?