ದೀಕ್ಷಾಸ್ನಾನವೋ ಸ್ನಾನದೀಕ್ಷೆಯೋ

ಕನ್ನಡದ ಕ್ರೈಸ್ತ ಸಾಹಿತ್ಯದಲ್ಲಿ ಒಂದೇ ಸಂಸ್ಕಾರಕ್ಕೆ ಮೂರು ಹೆಸರುಗಳು ಬಳಕೆಯಲ್ಲಿವೆ. ಕೆಲವು ಅನುವಾದಗಳು ಗ್ರೀಕ್ ಮೂಲದ ಮಾತನ್ನೇ ಉಳಿಸಿಕೊಂಡು ‘ಬಾಪ್ತಿಸ್ಮ’ ಎನ್ನುತ್ತವೆ. ಪ್ರಾಟೆಸ್ಟಂಟರ ಸತ್ಯವೇದದಲ್ಲಿ ಬಹುಕಾಲದಿಂದ ರೂಢವಾದುದು ‘ದೀಕ್ಷಾಸ್ನಾನ’. ಈಚಿನ ಒಂದು ಅನುವಾದ ‘ಸ್ನಾನದೀಕ್ಷೆ’ ಎಂಬ ರೂಪವನ್ನು ಹಿಡಿದಿದೆ. ಮೇಲುನೋಟಕ್ಕೆ ಇದು ಪದಗಳ ಹಿಂದುಮುಂದಾಟದಂತೆ ಕಂಡೀತು. ಆದರೆ ಒಂದು ಧರ್ಮವು ತನ್ನದಲ್ಲದ ನಾಡಿಗೆ ಬಂದು, ಆ ನಾಡಿನ ಮಾತಿನಲ್ಲಿ ತನ್ನ ನಂಬಿಕೆಯನ್ನು ಹೇಳಿಕೊಳ್ಳಲು ಹೊರಟಾಗ ಏನೇನು ನಡೆಯುತ್ತದೆಂಬುದನ್ನು ಅರಿಯಲು ಈ ಮೂರು ಪದಗಳೇ ಸಾಕು. ‘ದೀಕ್ಷೆ’ ಎಂಬುದು ವೀರಶೈವರ ಹೃದಯಕ್ಕೆ ಅತಿ ಸಮೀಪದ ಮಾತಾದ್ದರಿಂದ ಇದರ ವಿವೇಚನೆ ಕ್ರೈಸ್ತರಿಗಷ್ಟೇ ಸೇರಿದುದೆಂದು ಬಿಡುವಂತೆಯೂ ಇಲ್ಲ.

ತತ್ಪುರುಷ ಸಮಾಸದಲ್ಲಿ ಉತ್ತರಪದವೇ ಪ್ರಧಾನವೆಂಬುದು ವ್ಯಾಕರಣದ ಮೊದಲ ಪಾಠಗಳಲ್ಲೊಂದು. ಅದರಂತೆ ‘ದೀಕ್ಷಾಸ್ನಾನ’ವೆಂದರೆ ಒಂದು ಬಗೆಯ ಸ್ನಾನ, ದೀಕ್ಷೆಯ ನಿಮಿತ್ತವಾಗಿ ಮಾಡುವುದು. ಯಜ್ಞದೀಕ್ಷೆಯನ್ನು ಕೈಕೊಳ್ಳುವ ಯಜಮಾನನೂ ಮೊದಲು ಮೀಯುತ್ತಾನೆ. ಆದರೆ ಆ ಮೀಯುವಿಕೆಯೇ ದೀಕ್ಷೆಯಲ್ಲ, ಅದಕ್ಕೆ ಪೂರ್ವಾಂಗ ಮಾತ್ರ. ‘ಸ್ನಾನದೀಕ್ಷೆ’ಯಾದರೋ ಒಂದು ಬಗೆಯ ದೀಕ್ಷೆ, ಸ್ನಾನವು ಅದರ ಸಾಧನ. ಮೊದಲನೆಯ ಪದವನ್ನು ಕೇಳಿದ ಕನ್ನಡಿಗನು ನೀರನ್ನು ಕಾಣುತ್ತಾನೆ, ಎರಡನೆಯದನ್ನು ಕೇಳಿದವನು ‘ಗುರು ಯಾರು?’ ಎಂದು ಕೇಳುತ್ತಾನೆ. ಸುವಾರ್ತೆಯನ್ನು ಸಾರಲು ಬಂದವರು ಈ ಎರಡನೆಯ ಪ್ರಶ್ನೆಗೆ ಎಷ್ಟರಮಟ್ಟಿಗೆ ಸಿದ್ಧರಾಗಿದ್ದರೆಂಬುದೇ ಇಲ್ಲಿ ವಿಚಾರಾರ್ಹ.

ದೀಕ್ಷೆಯೆಂದರೆ ಜ್ಞಾನವನ್ನು ಕೊಡುವುದು, ಪಾಶವನ್ನು ಕಳೆಯುವುದು ಎಂದು ಆಗಮಗಳು ಅಕ್ಷರ ಬಿಡಿಸಿ ಅರ್ಥ ಹೇಳುತ್ತವೆ. ವೀರಶೈವದಲ್ಲಿ ಅದು ವೇಧಾ, ಮಂತ್ರ, ಕ್ರಿಯಾ ಎಂದು ಮೂರು ತೆರನಾಗಿ, ಶಿಷ್ಯನ ಕಾರಣ, ಸೂಕ್ಷ್ಮ, ಸ್ಥೂಲ ಶರೀರಗಳಿಗೆ ಭಾವಲಿಂಗ, ಪ್ರಾಣಲಿಂಗ, ಇಷ್ಟಲಿಂಗಗಳ ಸಂಬಂಧವನ್ನು ಉಂಟುಮಾಡುತ್ತದೆ. ಗುರುವು ಶಿಷ್ಯನ ಮಸ್ತಕದ ಮೇಲೆ ಹಸ್ತವನ್ನಿರಿಸುತ್ತಾನೆ, ಕಿವಿಯಲ್ಲಿ ಮಂತ್ರವನ್ನು ಹೇಳುತ್ತಾನೆ, ಕರಸ್ಥಲಕ್ಕೆ ಲಿಂಗವನ್ನು ಕೊಡುತ್ತಾನೆ. ಅಲ್ಲಿಂದ ಮುಂದೆ ಅವನು ಗುರುಕರಜಾತ. ತಾಯಿಯ ಹೊಟ್ಟೆಯಿಂದ ಬಂದ ಪೂರ್ವಾಶ್ರಯವು ಅವನಿಗಿಲ್ಲ. ಕ್ರೈಸ್ತರ ಸಂಸ್ಕಾರದಲ್ಲಿಯೂ ಹಳೆಯ ಮನುಷ್ಯನು ನೀರಿನಲ್ಲಿ ಮುಳುಗಿ ಸತ್ತು ಹೊಸಬನಾಗಿ ಏಳುತ್ತಾನೆಂಬ ಭಾವವಿದೆ. ಪೌಲನ ಪತ್ರಗಳಲ್ಲಿ ಅದು ಕ್ರಿಸ್ತನೊಡನೆ ಹೂಳಲ್ಪಟ್ಟು ಅವನೊಡನೆ ಎದ್ದುಬರುವುದೆಂಬ ರೂಪವನ್ನು ತಾಳಿದೆ. ಸಾದೃಶ್ಯ ಸಣ್ಣದಲ್ಲ. ಭೇದವೂ ಸಣ್ಣದಲ್ಲ. ಲಿಂಗದೀಕ್ಷೆಯನ್ನು ಪಡೆದವನ ಕೈಯಲ್ಲಿ ಲಿಂಗವು ಉಳಿಯುತ್ತದೆ, ದಿನದಿನದ ಪೂಜೆಯಲ್ಲಿ ದೀಕ್ಷೆಯು ಮುಂದುವರಿಯುತ್ತದೆ. ನೀರಾದರೋ ಆರಿಹೋಗುತ್ತದೆ, ಉಳಿಯುವುದು ಸಭೆಯೊಂದಿಗಿನ ಸಂಬಂಧ.

ಮಾತನ್ನು ಎರವಲು ಪಡೆಯುವುದಕ್ಕೂ ಮೊದಲು ವೇಷವನ್ನು ಎರವಲು ಪಡೆಯುವ ಪ್ರಯತ್ನಗಳು ನಡೆದಿದ್ದವು. ೧೬೦೬ರಲ್ಲಿ ಮಧುರೆಗೆ ಬಂದ ಇಟಲಿಯ ಜೆಸುಯಿಟ್ ರಾಬರ್ಟ್ ದೆ ನೊಬಿಲಿ ಕಾವಿಯುಟ್ಟು, ಮಾಂಸವನ್ನು ತೊರೆದು, ಸಂನ್ಯಾಸಿಯಂತೆ ಬಾಳಿದನು. ಅವನ ಕ್ರಮವನ್ನು ಕುರಿತು ಸ್ವಂತ ಸಂಘದವರೇ ಎತ್ತಿದ ವಿವಾದವು ರೋಮಿನವರೆಗೆ ಹೋಗಿ ೧೬೨೩ರಲ್ಲಿ ಅವನ ಪರವಾಗಿ ತೀರ್ಮಾನವಾಯಿತು. ಅದೇ ಶತಮಾನದ ನಡುವಿನಲ್ಲಿ ಲಿಯೊನಾರ್ಡೊ ಚಿನ್ನಮಿ ಇದೇ ಮಾರ್ಗವನ್ನು ಶ್ರೀರಂಗಪಟ್ಟಣಕ್ಕೆ ತಂದನು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಮೈಸೂರು ಸೀಮೆಯಲ್ಲಿ ದಶಕಗಟ್ಟಲೆ ಈ ನಾಡಿನ ಉಡುಪನ್ನು ತೊಟ್ಟು, ಇಲ್ಲಿಯ ಊಟವನ್ನು ಉಂಡು ಬಾಳಿದನು. ಆದರೆ ೧೮೨೩ರಲ್ಲಿ ಅಚ್ಚಾದ ತನ್ನ ಪತ್ರಗಳಲ್ಲಿ, ಹಿಂದೂಗಳನ್ನು ಮತಾಂತರಿಸುವುದು ಆಗದ ಕೆಲಸವೆಂದು ಅವನೇ ಬರೆದನು. ವೇಷವನ್ನು ಬದಲಿಸಿದವನ ಒಳಗಿನ ಪ್ರಮೇಯವು ಬದಲಾಗದೆ ಉಳಿಯಬಹುದು. ಹಿಂದೂ ಆಚಾರಗಳನ್ನು ಕುರಿತ ದ್ಯುಬುವಾನ ಪ್ರಸಿದ್ಧ ಗ್ರಂಥದ ಬಹುಭಾಗಕ್ಕೆ ಹಿಂದಿನ ಜೆಸುಯಿಟ್ ಕೋರ್ದುವಿನ ಹಸ್ತಪ್ರತಿಯೇ ಆಧಾರವೆಂದು ೧೯೮೭ರಲ್ಲಿ ಸಿಲ್ವಿಯಾ ಮುರ್ ಎಂಬ ವಿದುಷಿ ತೋರಿಸಿಕೊಟ್ಟರು. ಅಷ್ಟು ಕಾಲ ಹತ್ತಿರವಿದ್ದವನೂ ಸ್ವಂತ ಕಣ್ಣಿಗಿಂತ ಹಳೆಯ ಬರಹವನ್ನೇ ನೆಚ್ಚಿದನೆಂಬುದು ಗಮನಿಸಬೇಕಾದ ಸಂಗತಿ.

ಮಾತಿನ ಕೆಲಸ ನಿಜವಾಗಿ ಆರಂಭವಾದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಬೈಬಲಿನ ಅನುವಾದಕ್ಕೆ ತೊಡಗಿದರು. ೧೮೩೧ರ ಹೊತ್ತಿಗೆ ಇಡೀ ಗ್ರಂಥವು ಕನ್ನಡದಲ್ಲಿ ದೊರೆಯಿತು. ಬಾಸೆಲ್ ಮಿಶನ್ನಿನವರು ೧೮೩೪ರಲ್ಲಿ ಮಂಗಳೂರಿಗೂ ೧೮೩೭ರಲ್ಲಿ ಧಾರವಾಡಕ್ಕೂ ಬಂದರು. ಹಳೆಯ ಅನುವಾದದಿಂದ ಸಮಾಧಾನಗೊಳ್ಳದೆ ಅದನ್ನು ತಿದ್ದುವ ಕೆಲಸವನ್ನು ವೈಗ್ಲೆಯವರೂ ಮೋಗ್ಲಿಂಗರೂ ಕೈಗೊಂಡರು. ತಿದ್ದಬೇಕಾದರೆ ಕನ್ನಡವನ್ನು ಅರಿಯಬೇಕು. ಅರಿಯಬೇಕಾದರೆ ಕನ್ನಡದ ಕಾವ್ಯ, ಪುರಾಣಗಳನ್ನು ಓದಬೇಕು. ಹೀಗೆ ಓದಿದುದರ ಫಲವಾಗಿ ೧೮೪೮ರಿಂದ ೧೮೫೩ರವರೆಗೆ, ನ್ಯಾಯಾಧಿಕಾರಿ ಕಾಸಮೇಜರರ ಧನಸಹಾಯದಿಂದ, ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯು ಮಂಗಳೂರಿನ ಕಲ್ಲಚ್ಚಿನಲ್ಲಿ ಹೊರಬಂದಿತು. ಭೀಮಕವಿಯ ಬಸವಪುರಾಣವೂ ವಿರೂಪಾಕ್ಷಪಂಡಿತನ ಚೆನ್ನಬಸವಪುರಾಣವೂ ಮಠಗಳ ತಾಳೆಗರಿಯಿಂದ ಕಾಗದಕ್ಕಿಳಿದುದು ಈ ಮಾಲೆಯಲ್ಲಿ. ಮುಂದೆ ವುರ್ತ್ ಎಂಬ ಪಾದ್ರಿಗಳು ಈ ಎರಡರ ಸಾರವನ್ನು ಇಂಗ್ಲಿಷಿಗೆ ತಂದು ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು.

ಈ ಉಪಕಾರವನ್ನು ಸ್ಮರಿಸುವಾಗ ವೀರಶೈವ ಲೇಖಕರು ಸಾಮಾನ್ಯವಾಗಿ ಎರಡು ಅತಿಗಳಲ್ಲಿ ಒಂದನ್ನು ಹಿಡಿಯುತ್ತಾರೆ: ಒಂದು ನಿರ್ವಿಮರ್ಶೆಯ ಕೃತಜ್ಞತೆ, ಇನ್ನೊಂದು ಎಲ್ಲವೂ ಮತಾಂತರದ ಹೂಟವೆಂಬ ಸಂಶಯ. ಎರಡೂ ಸುಲಭದ ದಾರಿಗಳು. ಖಂಡಿಸುವುದಕ್ಕಾಗಿಯೇ ಓದಲು ತೊಡಗಿದವರೂ ಈ ಜರ್ಮನರಲ್ಲಿ ಇದ್ದರೆಂಬುದನ್ನು ಅಲ್ಲಗಳೆಯಲಾಗದು. ಆದರೆ ಖಂಡನೆಗೆ ಒಂದು ಪುರಾಣದ ನೂರು ಪುಟ ಸಾಕು. ಅದರ ಸಮಗ್ರ ಪಾಠವನ್ನು ಅಚ್ಚು ಮಾಡಬೇಕಾಗಿಲ್ಲ. ಕಿಟ್ಟೆಲರಂತೂ ೧೮೬೨ರಲ್ಲಿ ‘ಕಥಾಮಾಲೆ’ಯನ್ನು ಬರೆದು ಕ್ರಿಸ್ತನ ಚರಿತ್ರೆಯನ್ನು ದೇಶೀಯ ಛಂದಸ್ಸಿಗೆ ಒಗ್ಗಿಸಲೆತ್ನಿಸಿದವರು, ಕೇಶಿರಾಜ, ನಾಗವರ್ಮರನ್ನು ಸಂಪಾದಿಸಿ, ೧೮೯೪ರಲ್ಲಿ ಸುಮಾರು ೭೦,೦೦೦ ಶಬ್ದಗಳ ನಿಘಂಟನ್ನು ಕೊಟ್ಟು, ಪ್ರಚಾರಕರಿಗಿಂತ ಶಬ್ದಜ್ಞರಾಗಿಯೇ ಉಳಿದರು. ಅವರ ನಿಘಂಟಿನ ಆಕರಗಳಲ್ಲಿ ಬಸವಪುರಾಣವೂ ಸೇರಿದೆ. ಆಕ್ಷೇಪಿಸಬೇಕಾದುದು ಬೇರೊಂದಿದೆ. ಅವರ ಮಾಲೆಯಲ್ಲಿ ಪುರಾಣಗಳು ಬಂದುವು, ವಚನಗಳು ಬರಲಿಲ್ಲ. ಶರಣರ ಪವಾಡಗಳನ್ನು ಓದಿದ ಪಾದ್ರಿಗಳು ಶರಣರ ಅನುಭಾವದ ಮಾತನ್ನು ಕೇಳುವ ಅವಕಾಶವನ್ನು ಕಳೆದುಕೊಂಡರು. ಆದರೂ ಇದರ ಹೊಣೆಯನ್ನು ಅವರ ಮೇಲಷ್ಟೇ ಹೊರಿಸುವುದು ನ್ಯಾಯವಲ್ಲ. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಬೆಳಕು ಕಂಡುದು ೧೯೨೩ರಲ್ಲಿ. ಅಲ್ಲಿಯವರೆಗೆ ವಚನದ ಕಟ್ಟುಗಳು ಹೆಚ್ಚಾಗಿ ಮಠಗಳ ಜಂತಿಯಲ್ಲಿಯೇ ಇದ್ದುವು.

ವಚನಗಳನ್ನು ಓದಿದ್ದರೆ ಅನುವಾದಕರ ಪದಕೋಶವೇ ಬೇರೆಯಾಗಬಹುದಿತ್ತು. ‘ಪ್ರಸಾದ’ದ ಸಂಗತಿಯನ್ನು ನೋಡಬಹುದು. ಶಿವನ ಪ್ರಸನ್ನತೆ ಎಂಬ ಅರ್ಥದಿಂದ ಹಿಡಿದು ಷಟ್‌ಸ್ಥಲದ ಪ್ರಸಾದಿಸ್ಥಲದವರೆಗೆ ವ್ಯಾಪಿಸಿರುವ ಈ ಪದವನ್ನು ಪ್ರಾಟೆಸ್ಟಂಟ್ ಅನುವಾದಕರು ಬಿಟ್ಟು ‘ಕೃಪೆ’ಯನ್ನು ಆರಿಸಿಕೊಂಡರು. ನೈವೇದ್ಯವಾದ ಅನ್ನವೆಂಬ ಅರ್ಥವು ಅವರನ್ನು ಹಿಂಜರಿಯುವಂತೆ ಮಾಡಿರಬೇಕು. ವಿಗ್ರಹಗಳಿಗೆ ಅರ್ಪಿಸಿದ ಆಹಾರವನ್ನು ಕುರಿತು ಪೌಲನು ಕೊರಿಂಥದವರಿಗೆ ವಿಸ್ತಾರವಾಗಿ ಬರೆದಿದ್ದಾನಲ್ಲವೆ? ಕಥೋಲಿಕರು ಅಂಜಲಿಲ್ಲ, ತಮ್ಮ ಬಲಿಪೂಜೆಯ ರೊಟ್ಟಿಯನ್ನು ‘ಪರಮಪ್ರಸಾದ’ವೆಂದರು. ಇನ್ನು ನಿಕೊದೇಮನೆಂಬ ವೃದ್ಧನಿಗೆ ಯೇಸು ಹೇಳಿದ ಹೊಸಹುಟ್ಟಿನ ಪ್ರಸಂಗ. ಇಲ್ಲಿ ‘ಪುನರ್ಜನ್ಮ’ ಎಂದರೆ ಅನರ್ಥ. ಈ ನಾಡಿನವನು ಯಾವುದರಿಂದ ಬಿಡುಗಡೆಯನ್ನು ಬೇಡುತ್ತಾನೋ ಅದನ್ನೇ ವರವೆಂದು ಕೊಟ್ಟಂತಾಗುತ್ತದೆ. ಅನುವಾದಕರು ಆ ಪದವನ್ನು ದೂರವಿಟ್ಟು ಹೊಸದಾಗಿ ಹುಟ್ಟುವ ಮಾತನ್ನು ಆಡಿದುದು ವಿವೇಕ. ಆದರೆ ಮುದುಕನು ಮತ್ತೆ ಹುಟ್ಟುವುದು ಹೇಗೆಂಬ ನಿಕೊದೇಮನ ಪ್ರಶ್ನೆಗೆ ‘ಗುರುಕರಜಾತ’ನೆಂಬ ಒಂದೇ ಪದವು ಕನ್ನಡದಲ್ಲಿ ಆಗಲೇ ಉತ್ತರವಾಗಿ ನಿಂತಿತ್ತು.

ಕೇಳಿದವರ ಕಡೆಯ ಕಥೆಯೂ ಇದೆ. ೧೮೪೦ರ ಆಸುಪಾಸಿನಲ್ಲಿ ಹುಬ್ಬಳ್ಳಿ, ಬೆಟಗೇರಿಗಳ ಸುತ್ತಿನ ಕಾಲಜ್ಞಾನ ಪಂಥದ ಜನರು ತಮ್ಮ ಭವಿಷ್ಯವಾಣಿಗೂ ಪಾದ್ರಿಗಳ ಬೋಧೆಗೂ ಹೊಂದಿಕೆಯನ್ನು ಕಂಡು ಮಿಶನ್ನನ್ನು ಸಮೀಪಿಸಿದರು. ಮೋಗ್ಲಿಂಗರು ಮೊದಲಾದವರು ಹರ್ಷದಿಂದ ಮಲಸಮುದ್ರದಲ್ಲಿ ಒಂದು ಬೇಸಾಯದ ನೆಲೆಯನ್ನೇ ಹೂಡಿದರು. ನಿರೀಕ್ಷಿಸಿದ ಜನ ಬರಲಿಲ್ಲ. ಒಂದೇ ಮಾತನ್ನು ಇಬ್ಬರು ಎರಡು ಅರ್ಥದಲ್ಲಿ ಕೇಳಿಸಿಕೊಂಡರೆ ಹೀಗಾಗುವುದು ಸಹಜ. ಕರಾವಳಿಯಲ್ಲಿ ಬಿಲ್ಲವರೇ ಮೊದಲಾದವರು ಸಭೆಯನ್ನು ಸೇರಿದಂತೆ ಬಯಲುಸೀಮೆಯ ಲಿಂಗವಂತರು ಸೇರಲಿಲ್ಲ. ‘ನಮಗೆ ದೀಕ್ಷೆಯಾಗಿದೆ’ ಎಂಬ ಭಾವ ಅದಕ್ಕೆ ಒಂದು ಕಾರಣವಾಗಿರಬಹುದು.

ಆದರೆ ಆ ಭಾವಕ್ಕೆ ಆಧಾರವೆಷ್ಟಿತ್ತು? ಬಾಸೆಲ್ ಮಿಶನ್ನಿನವರು ಜಾತಿಯ ವಿಷಯದಲ್ಲಿ ಬಿಗಿಯಾಗಿದ್ದರು. ಸಭೆಗೆ ಸೇರುವವನು ಜಾತಿಯನ್ನು ಹೊರಗೆ ಬಿಟ್ಟು ಬರಬೇಕೆಂಬುದು ಅವರ ಕಟ್ಟಳೆ. ಲಿಂಗದೀಕ್ಷೆಯಾದ ಮೇಲೆ ಪೂರ್ವಾಶ್ರಯವನ್ನು ಎಣಿಸಲಾಗದೆಂಬುದು ಶರಣರ ಕಟ್ಟಳೆಯೂ ಹೌದು. ಹರಳಯ್ಯ ಮಧುವರಸರು ಅದಕ್ಕಾಗಿಯೇ ಪ್ರಾಣ ತೆತ್ತರು. ಹೀಗಿದ್ದೂ ಹತ್ತೊಂಬತ್ತನೆಯ ಶತಮಾನದ ವೀರಶೈವ ಸಮಾಜದಲ್ಲಿ ಒಳಪಂಗಡಗಳ ನಡುವೆ ಹೆಣ್ಣು ಕೊಟ್ಟು ತರುವ ವಾಡಿಕೆ ಅಪರೂಪವಾಗಿತ್ತು. ಪಾದ್ರಿಗಳ ಆಕ್ಷೇಪಕ್ಕೆ ಉತ್ತರವು ವೀರಶೈವರ ಗ್ರಂಥದಲ್ಲಿತ್ತು, ಬೀದಿಯಲ್ಲಿರಲಿಲ್ಲ.

ಶಿಶುವಿನ ವಿಷಯದಲ್ಲಿ ಎರಡು ಮನೆಗಳ ಕಷ್ಟವೂ ಒಂದೇ. ಹುಟ್ಟಿದ ಕೂಸಿಗೆ ಲಿಂಗಧಾರಣೆ ಮಾಡಿಸುವ ರೂಢಿ ವೀರಶೈವರಲ್ಲಿದೆ, ಕೂಸಿನ ತಲೆಗೆ ನೀರೆರೆಯುವ ರೂಢಿ ಕ್ರೈಸ್ತರಲ್ಲಿ ಬಹುಮಂದಿಗಿದೆ. ಅರಿವು ಬಂದ ಮೇಲೆ ಅದನ್ನು ದೃಢಪಡಿಸುವ ವಿಧಿಯೂ ಎರಡು ಕಡೆ ಉಂಟು. ಆದರೆ ಆ ಎರಡನೆಯ ವಿಧಿಯನ್ನು ಎಷ್ಟು ಮನೆಗಳಲ್ಲಿ ಶ್ರದ್ಧೆಯಿಂದ ನಡೆಸುತ್ತಾರೆ? ಪ್ರಾಯಕ್ಕೆ ಬಂದು ಸಭೆ ಸೇರಬಯಸುವವನಿಗೆ ಮಿಶನ್ನಿನವರು ತಿಂಗಳುಗಟ್ಟಲೆ ಬೋಧೆ ಮಾಡಿ ಪರೀಕ್ಷಿಸುತ್ತಿದ್ದರು. ಶಿಷ್ಯನನ್ನು ಪರೀಕ್ಷಿಸದೆ ದೀಕ್ಷೆಯನ್ನು ಕೊಡಬಾರದೆಂದು ಆಗಮಗಳೂ ಹೇಳುತ್ತವೆ. ಈ ಆಗಮವಿಧಿಯನ್ನು ಮಠಗಳಿಗಿಂತ ಮಿಶನ್ನು ಹೆಚ್ಚು ಪಾಲಿಸಿತೆಂದು ಯಾರಾದರೂ ಆಡಿಕೊಂಡರೆ ಕೋಪಿಸಿಕೊಳ್ಳುವುದಕ್ಕಿಂತ ಪರಿಶೀಲಿಸುವುದು ಲೇಸು.

ಈ ಸಂವಾದವನ್ನು ಬಾಳಿ ತೋರಿಸಿದವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ೧೮೮೧ರಲ್ಲಿ ಧಾರವಾಡದಲ್ಲಿ ಹುಟ್ಟಿ ಬಾಸೆಲ್ ಮಿಶನ್ನಿನಲ್ಲಿ ಸೇವೆ ಸಲ್ಲಿಸಿದ ಇವರು ಕ್ರೈಸ್ತ ಬೋಧಕರಾಗಿಯೇ ಕೊನೆಯವರೆಗೆ ಉಳಿದವರು. ‘ಬನಾರಸಕ್ಕೆ ಬೆತ್ಲೆಹೆಮಿನ ವಿನಂತಿ’ ಎಂಬ ಅವರ ಕೃತಿಯ ಹೆಸರಿನಲ್ಲಿಯೇ ಅವರ ನಿಲುವಿದೆ: ಅದು ಆಜ್ಞೆಯಲ್ಲ, ವಿನಂತಿ. ಊರೂರು ಅಲೆದು ಸರ್ವಜ್ಞನ ತ್ರಿಪದಿಗಳನ್ನು ಸಂಗ್ರಹಿಸಿ ೧೯೨೪ರಲ್ಲಿ ಪ್ರಕಟಿಸಿದರು. ಆಮೇಲೆ ಅವರ ಲೇಖನಿ ಬಸವಣ್ಣನವರತ್ತ, ಸಿದ್ಧರಾಮನತ್ತ, ಮೋಳಿಗೆಯ ಮಾರಯ್ಯನತ್ತ ಹರಿಯಿತು. ಅನುಭವಮಂಟಪವು ನಿಜವಾಗಿ ಇದ್ದಿತೇ ಎಂಬ ಸಂದೇಹವೆದ್ದಾಗ ಅದರ ಐತಿಹಾಸಿಕತೆಯನ್ನು ಸಾಧಿಸಲು ಗ್ರಂಥವನ್ನೇ ಬರೆದವರು ಈ ಪಾದ್ರಿಗಳು. ಅವರ ಎಲ್ಲ ವಾದಗಳೂ ಇಂದಿನ ಸಂಶೋಧನೆಗೆ ನಿಲ್ಲಲಾರವು. ನಂಬುಗೆಯ ಬಿಸುಪಿನಲ್ಲಿ ಆಕರದ ಕಾಲವಿಚಾರವು ಒಮ್ಮೊಮ್ಮೆ ಸಡಿಲವಾಗಿದೆ. ಆದರೂ ೧೯೪೯ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವು ಅವರಿಗೆ ಸಂದುದು ಉಚಿತವೇ ಆಗಿತ್ತು.

ಉತ್ತಂಗಿಯವರು ವೀರಶೈವರಾಗಲಿಲ್ಲ, ಅವರ ಓದುಗರಾದ ವೀರಶೈವರೂ ಕ್ರೈಸ್ತರಾಗಲಿಲ್ಲ. ಸಂಖ್ಯೆಯಿಂದಲೇ ಧರ್ಮಪ್ರಸಾರವನ್ನು ಅಳೆಯುವವರಿಗೆ ಇದು ಸೋಲಾಗಿ ಕಾಣಬಹುದು. ಅವರು ಕ್ರೈಸ್ತ ಕಣ್ಣಿನಿಂದ ಶರಣರನ್ನು ಓದಿದಂತೆ, ಶರಣರ ಕಣ್ಣಿನಿಂದ ಕನ್ನಡ ಬೈಬಲನ್ನು, ಅದರ ಪದಗಳನ್ನು, ಅದರ ಅನುವಾದಗಳ ನೂರೆಂಬತ್ತು ವರ್ಷಕ್ಕೂ ಮಿಕ್ಕ ಇತಿಹಾಸವನ್ನು ಓದಿದ ವೀರಶೈವ ವಿದ್ವಾಂಸರು ವಿರಳ. ಆ ಕೆಲಸಕ್ಕೆ ತೊಡಗುವವರು ‘ಬಾಪ್ತಿಸ್ಮ’ವನ್ನು ಪಕ್ಕಕ್ಕಿಡಬಹುದು, ಅದು ಭೇದವನ್ನು ಕಾಯುತ್ತದೆ, ಆದರೆ ಕನ್ನಡಿಗನಿಗೆ ಏನನ್ನೂ ಹೇಳುವುದಿಲ್ಲ. ಉಳಿದೆರಡರಲ್ಲಿ ‘ಸ್ನಾನದೀಕ್ಷೆ’ಯೇ ವ್ಯಾಕರಣಕ್ಕೂ ಕ್ರೈಸ್ತರ ತತ್ತ್ವಕ್ಕೂ ಒಪ್ಪುವ ರೂಪ. ಆ ಪದವನ್ನು ಆರಿಸಿದವರು ಗುರು, ಶಿಷ್ಯ, ಪೂರ್ವಾಶ್ರಯ ಎಂಬ ಮೂರನ್ನೂ ಅದರೊಂದಿಗೆ ಬರಮಾಡಿಕೊಂಡಿದ್ದಾರೆ. ಅವುಗಳಿಗೆ ಆ ಸಭೆಯಲ್ಲಿ ಯಾವ ಸ್ಥಾನವಿದೆಯೆಂದು ಕೇಳುವ ಹಕ್ಕು ಈಗ ವೀರಶೈವರಿಗೆ ಬಂದಿದೆ. ಅದೇ ಪ್ರಶ್ನೆಯನ್ನು ಅವರೂ ಮಠಗಳ ಬಾಗಿಲಲ್ಲಿ ನಿಂತು ಕೇಳಬಹುದು.